ಕೆಂಪು ಸಮುದ್ರದ ದಡದಲ್ಲಿ ಕಟ್ಟದೆ ಬಿಟ್ಟ ದ್ವೀಪಗಳು

ಓದುಗರ ಪತ್ರ (ಸಂಗ್ರಹ): ಸೌದಿ ಅರೇಬಿಯದ ಕೆಂಪು ಸಮುದ್ರ ಕರಾವಳಿಯಲ್ಲಿ ತಲೆಯೆತ್ತುತ್ತಿರುವ ಐಷಾರಾಮಿ ಪ್ರವಾಸಿ ತಾಣದ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ನನ್ನ ಅಳಿಯ ಅಲ್ಲಿ ಗುತ್ತಿಗೆ ಸಂಸ್ಥೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಮಳೆಯೇ ಕಾಣದ ನೆಲದಲ್ಲಿ ಒಂದು ರಾತ್ರಿಗೆ ಲಕ್ಷ ರೂಪಾಯಿ ಮೀರುವ ಕೋಣೆಗಳನ್ನು ಕಟ್ಟಿ, ಈಜುಕೊಳ ತುಂಬಿಸಿ, ಅದನ್ನು ಪರಿಸರಸ್ನೇಹಿ ಎನ್ನುವುದು ನಂಬುವ ಮಾತೇ? ಊರಿನವರನ್ನು ಒಕ್ಕಲೆಬ್ಬಿಸಿದ ಸುದ್ದಿ ಬಂದದ್ದೂ ಅಲ್ಲಿಂದಲೇ ಅಲ್ಲವೇ? ಇದನ್ನೆಲ್ಲ ಕಟ್ಟುತ್ತಿರುವವರ ಗತಿ ಏನು? — ಕುಂದಾಪುರ ತಾಲ್ಲೂಕಿನ ನಿವೃತ್ತ ಶಿಕ್ಷಕರು (ಹೆಸರು ಪ್ರಕಟಿಸದಂತೆ ಕೋರಿದ್ದಾರೆ)

ಮಾನ್ಯರೇ,

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಎರಡು ಬೇರೆ ಬೇರೆ ಯೋಜನೆಗಳು ಬೆರೆತಿವೆ. 2020ರ ಏಪ್ರಿಲ್‌ನಲ್ಲಿ ಮನೆ ಬಿಡಲು ನಿರಾಕರಿಸಿದ ಹುವೈತಾತ್ ಬುಡಕಟ್ಟಿನ ಅಬ್ದುಲ್ ರಹೀಂ ಅಲ್ ಹುವೈತಿ ಎಂಬುವರು ಭದ್ರತಾ ಪಡೆಯ ಗುಂಡಿಗೆ ಬಲಿಯಾದರು. ಮೊದಲು ಗುಂಡು ಹಾರಿಸಿದ್ದು ಹುವೈತಿಯವರೇ ಎಂದು ಅಧಿಕಾರಿಗಳು ಹೇಳಿದರು. ಅದು ನಡೆದದ್ದು ಇನ್ನೂ ಉತ್ತರಕ್ಕಿರುವ ನಿಯೋಮ್ ಎಂಬ ಹೊಸ ನಗರ ಯೋಜನೆಯ ಪ್ರದೇಶದಲ್ಲಿ. ನಮ್ಮ ಲೇಖನ ಹೇಳಿದ್ದು ರೆಡ್ ಸೀ ಯೋಜನೆಯ ಬಗ್ಗೆ, ಅಂದರೆ ಉಮ್ಲುಜ್ ಮತ್ತು ಅಲ್ ವಜ್ಹ್ ಎಂಬ ಎರಡು ಹಳೆಯ ರೇವುಪಟ್ಟಣಗಳ ನಡುವಿನ ಸುಮಾರು 28,000 ಚದರ ಕಿಲೋಮೀಟರ್ ಮರಳುಗಾಡು, ಬೆಟ್ಟ ಮತ್ತು ಕಡಲಿನ ಬಗ್ಗೆ. ಎರಡೂ ತಬೂಕ್ ಪ್ರಾಂತದಲ್ಲಿವೆ, ಎರಡೂ ಘೋಷಣೆಯಾದದ್ದು 2017ರಲ್ಲಿ, ಎರಡಕ್ಕೂ ಹಣ ಬರುವುದು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅಧ್ಯಕ್ಷರಾಗಿರುವ ಸಾರ್ವಜನಿಕ ಹೂಡಿಕೆ ನಿಧಿಯಿಂದ. ಆದ್ದರಿಂದ ಒಂದರ ಅಪವಾದವನ್ನು ಇನ್ನೊಂದರ ಮೇಲೆ ಹೊರಿಸುವುದು ಸರಿಯಲ್ಲವಾದರೂ, ಎರಡನ್ನೂ ನಡೆಸುವ ಕೈ ಒಂದೇ ಎಂಬ ನಿಮ್ಮ ಅನುಮಾನದಲ್ಲಿ ಹುರುಳಿದೆ. ಆ ಮಾತಿಗೆ ಕೊನೆಯಲ್ಲಿ ಮರಳಿ ಬರಬೇಕಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇಂತಹ ತಾಣವೊಂದು ಪರಿಸರಕ್ಕೆ ಒಗ್ಗುವಂತಿದೆಯೇ ಎಂದು ಅಳೆಯುವಾಗ ನಾವು ಸಾಮಾನ್ಯವಾಗಿ ಕಟ್ಟಿದ್ದನ್ನು ನೋಡುತ್ತೇವೆ. ಸೌರಫಲಕ ಎಷ್ಟು, ವಿದ್ಯುತ್ ಚಾಲಿತ ವಾಹನ ಎಷ್ಟು, ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿದ್ದಾರೆಯೇ ಎಂದು ಕೇಳುತ್ತೇವೆ. ನನ್ನ ದೃಷ್ಟಿಯಲ್ಲಿ ನೋಡಬೇಕಾದದ್ದು ಕಟ್ಟದೆ ಬಿಟ್ಟದ್ದನ್ನು. ಅದಕ್ಕೆ ಕಾರಣ ಆ ಕಡಲಿನಲ್ಲಿಯೇ ಇದೆ.

ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿಯುವ ನದಿ ಒಂದೂ ಸೇರುವುದಿಲ್ಲ. ಮಳೆ ಅತ್ಯಲ್ಪ, ಆವಿಯಾಗುವುದು ಅಪಾರ. ಉಳಿದ ಸಾಗರಗಳಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಅಲ್ಲಿ 40 ಗ್ರಾಂ ಇದೆ. ನದಿಯ ಕೆಸರು ಬಾರದ ಕಾರಣ ನೀರು ತಿಳಿಯಾಗಿದ್ದು, ಬಿಸಿಲು ಆಳದವರೆಗೆ ಇಳಿಯುತ್ತದೆ; ಹವಳಕ್ಕೆ ಬೇಕಾದದ್ದು ಅದೇ. ಮುನ್ನೂರಕ್ಕೂ ಹೆಚ್ಚು ಜಾತಿಯ ಗಟ್ಟಿಹವಳಗಳು ಈ ಸಮುದ್ರದಲ್ಲಿವೆ. ಅಲ್ ವಜ್ಹ್ ಎದುರಿನ ಹಿನ್ನೀರು 2,000 ಚದರ ಕಿಲೋಮೀಟರಿಗೂ ದೊಡ್ಡದು. ಅದರ ಹೊರಗೆ ಹವಳದ ದಿಬ್ಬಗಳ ತಡೆಗೋಡೆ, ಒಳಗೆ ತೊಂಬತ್ತಕ್ಕೂ ಹೆಚ್ಚು ದ್ವೀಪಗಳು, ಕಡಲಹುಲ್ಲಿನ ಬಯಲುಗಳು, ಅದನ್ನು ಮೇಯುವ ದೊಡ್ಡ ಕಡಲಸಸ್ತನಿಗಳಾದ ಡುಗಾಂಗ್‌ಗಳು, ಮರಳಿನಲ್ಲಿ ಮೊಟ್ಟೆಯಿಡುವ ಹಾಕ್ಸ್‌ಬಿಲ್ ಆಮೆಗಳು.

ಉತ್ತರ ಭಾಗದ ಹವಳಗಳಿಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ಹಿಮಯುಗ ಮುಗಿದ ಮೇಲೆ ಹವಳದ ಮರಿಗಳು ಈ ಕಡಲಿಗೆ ಬಂದದ್ದು ದಕ್ಷಿಣದ ಬಾಬ್ ಅಲ್ ಮಂದಬ್ ಜಲಸಂಧಿಯ ಮೂಲಕ. ಅಲ್ಲಿನ ನೀರು ಬಹಳ ಬಿಸಿ. ಆ ಬಿಸಿಯನ್ನು ತಾಳಿಕೊಂಡು ಬದುಕಿದವು ಮಾತ್ರ ತಂಪಾದ ಉತ್ತರವನ್ನು ತಲುಪಿದವು. ಹಾಗಾಗಿ ಅವುಗಳಿಗೆ ಇಂದು ತಾವಿರುವ ನೀರಿಗಿಂತ ಹೆಚ್ಚು ಬಿಸಿಯನ್ನು ಸಹಿಸುವ ಶಕ್ತಿ ಉಳಿದುಬಂದಿದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನ ಹವಳಗಳು ಕಡಲಿನ ಬಿಸಿಗೆ ಬಣ್ಣ ಕಳೆದುಕೊಂಡು ನಾಲ್ಕನೆಯ ಬಾರಿ ಸಾಮೂಹಿಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು ಘೋಷಿಸಲಾಯಿತು. ಇಂತಹ ಕಾಲದಲ್ಲಿ ಈ ದಿಬ್ಬಗಳ ಬೆಲೆಯನ್ನು ಯಾವ ಹೋಟೆಲಿನ ಆದಾಯದಿಂದಲೂ ಕಟ್ಟಲಾಗದು. ಬಿಸಿಯನ್ನು ತಾಳುವ ಹವಳವೂ ಹೂಳಿನ ಕೆಳಗೆ ಬದುಕುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಹೂಳಿನ ಕೆಲಸ ಎಂಥದ್ದು ಎಂಬುದಕ್ಕೆ ದೂರ ಹೋಗಬೇಕಿಲ್ಲ, ಅದೇ ಕಡಲಿನ ಎದುರು ದಂಡೆಗೆ ಹೋದರೆ ಸಾಕು. ಈಜಿಪ್ಟಿನ ಹುರ್ಗಾದಾ 1980ರ ಸುಮಾರಿಗೆ ಮೀನುಗಾರರ ಸಣ್ಣ ಊರು. ಮುಂದಿನ ಎರಡು ದಶಕಗಳಲ್ಲಿ ಕಡಿಮೆ ದರದ ಪ್ಯಾಕೇಜ್ ಪ್ರವಾಸಗಳು ಅಲ್ಲಿ ಪ್ರವಾಹದಂತೆ ನುಗ್ಗಿದವು. ಕಡಲಂಚಿನ ಹವಳದ ಹಾಸಿನ ಮೇಲೆಯೇ ಮಣ್ಣು ತುಂಬಿ ಹೋಟೆಲುಗಳ ಜಾಗ ಹಿಗ್ಗಿಸಿದರು, ಎದ್ದ ಹೂಳು ಪಕ್ಕದ ದಿಬ್ಬಗಳನ್ನು ಮುಚ್ಚಿತು, ಮುಳುಗುಗಾರರನ್ನು ಕರೆದೊಯ್ಯುವ ದೋಣಿಗಳು ಹವಳದ ಮೇಲೆಯೇ ಲಂಗರು ಎಸೆದವು. 1990ರ ದಶಕದಲ್ಲಿ ಅಲ್ಲಿನ ಡೈವಿಂಗ್ ನಡೆಸುವವರೇ ಸಂಘ ಕಟ್ಟಿಕೊಂಡು ತೇಲುಬುರುಡೆಗಳನ್ನು ನೆಟ್ಟು ದೋಣಿಗಳನ್ನು ಅವಕ್ಕೆ ಕಟ್ಟುವ ಪದ್ಧತಿ ತಂದರು. ಅದೇ ದಶಕದಲ್ಲಿ ಈ ಕಡಲಿನಲ್ಲಿ ಸಂಶೋಧನೆ ಮಾಡಿದ ಜೂಲಿ ಹಾಕಿನ್ಸ್ ಮತ್ತು ಕ್ಯಾಲಂ ರಾಬರ್ಟ್ಸ್, ಒಂದು ತಾಣದಲ್ಲಿ ವರ್ಷಕ್ಕೆ 5,000ದಿಂದ 6,000 ಮುಳುಗುಗಳನ್ನು ದಾಟಿದರೆ ಹವಳಕ್ಕೆ ಪೆಟ್ಟು ಬೀಳುತ್ತದೆ ಎಂದು ಅಂದಾಜು ಮಾಡಿದರು. ಮಿತಿಯೊಂದಿದೆ ಎಂದು ಗೊತ್ತಾಗುವಷ್ಟರಲ್ಲಿ ಹುರ್ಗಾದಾದಲ್ಲಿ ಹೋಟೆಲುಗಳು ಎದ್ದು ನಿಂತಿದ್ದವು.

ಸೌದಿಯ ಯೋಜನೆ ಇದನ್ನು ತಿರುಗಿಸಿ ಹಾಕಿತು, ಮತ್ತು ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಟ್ಟಡದ ನಕ್ಷೆಗೆ ಮೊದಲು ಕಡಲಿನ ನಕ್ಷೆ ಬರೆಯಲು ಜೆದ್ದಾದ ಉತ್ತರಕ್ಕಿರುವ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಾಗರ ವಿಜ್ಞಾನಿಗಳ ನೆರವು ಪಡೆಯಲಾಯಿತು. ಎಲ್ಲಿ ಹವಳ, ಎಲ್ಲಿ ಹುಲ್ಲು, ಎಲ್ಲಿ ಆಮೆ ಎಂದು ಗುರುತಿಸಿಕೊಂಡು, ತೊಂಬತ್ತಕ್ಕೂ ಹೆಚ್ಚು ದ್ವೀಪಗಳಲ್ಲಿ 22ರಲ್ಲಿ ಮಾತ್ರ ಕಟ್ಟುವುದು, ಒಂಬತ್ತನ್ನು ವಿಶೇಷ ಸಂರಕ್ಷಣೆಗೆ ಮೀಸಲಿಡುವುದು ಎಂದು ನಿರ್ಧರಿಸಿದರು. ಅಲ್ ವಕ್ಕಾದಿ ಎಂಬ ದ್ವೀಪ ಪ್ರವಾಸೋದ್ಯಮದ ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿತ್ತು. ಆದರೆ ಅಲ್ಲಿ ಹಾಕ್ಸ್‌ಬಿಲ್ ಆಮೆಗಳು ಮೊಟ್ಟೆಯಿಡುತ್ತವೆ ಎಂದು ತಿಳಿದಾಗ ಅದನ್ನು ಕೈಬಿಟ್ಟರು. ಮೊಟ್ಟೆಯೊಡೆದು ಬಂದ ಆಮೆಮರಿ ರಾತ್ರಿಯ ಕತ್ತಲಲ್ಲಿ ಹೆಚ್ಚು ಬೆಳಕಿರುವ ದಿಕ್ಕನ್ನೇ ಕಡಲೆಂದು ನಂಬಿ ಹೊರಡುತ್ತದೆ. ಹಿಂದೆ ಹೋಟೆಲಿನ ದೀಪಗಳಿದ್ದರೆ ನೀರಿಗೆ ಬೆನ್ನು ಹಾಕಿ ನಡೆದು, ಬೆಳಗಿನ ಬಿಸಿಲಿಗೆ ಒಣಗಿ ಸಾಯುತ್ತದೆ. ಇಂತಹ ಜಾಗದಲ್ಲಿ ದೀಪಕ್ಕೆ ಮರೆ ಕಟ್ಟಿ ಸರಿಮಾಡಿಕೊಳ್ಳುವುದಕ್ಕಿಂತ ದ್ವೀಪವನ್ನೇ ಬಿಡುವುದು ನಿಜವಾದ ಸಂರಕ್ಷಣೆ.

ಐಷಾರಾಮದ ಬಗ್ಗೆ ನಿಮಗಿರುವ ಅಸಮಾಧಾನ ನನಗೆ ಅರ್ಥವಾಗುತ್ತದೆ. ಆದರೆ ಒಂದು ಲೆಕ್ಕ ನೋಡಿ. ವರ್ಷಕ್ಕೆ ಹತ್ತು ಲಕ್ಷಕ್ಕಿಂತ ಹೆಚ್ಚು ಪ್ರವಾಸಿಗರನ್ನು ಬಿಟ್ಟುಕೊಳ್ಳುವುದಿಲ್ಲ ಎಂಬುದು ಯೋಜನೆಯ ದೊಡ್ಡ ವಾಗ್ದಾನ. ಪೂರ್ಣಗೊಂಡಾಗ ಅಲ್ಲಿರಬೇಕಾದದ್ದು 50 ಹೋಟೆಲುಗಳ 8,000 ಕೋಣೆಗಳು. ವರ್ಷದಲ್ಲಿ ನೂರಕ್ಕೆ ಅರವತ್ತು ಪಾಲು ಕೋಣೆಗಳು ತುಂಬಿ, ಕೋಣೆಗೆ ಇಬ್ಬರಂತೆ, ಒಬ್ಬೊಬ್ಬರು ಮೂರೂವರೆ ರಾತ್ರಿ ಉಳಿದರೆಂದು ಇಟ್ಟುಕೊಂಡರೆ, ಬರುವ ಅತಿಥಿಗಳ ಸಂಖ್ಯೆ ಸುಮಾರು ಹತ್ತು ಲಕ್ಷ. ಅಂದರೆ ಆ ಮಿತಿಯಲ್ಲಿ ವಿಶೇಷ ತ್ಯಾಗವೇನೂ ಇಲ್ಲ, ಅದು ಕೋಣೆಗಳ ಸಂಖ್ಯೆಯಿಂದಲೇ ಹುಟ್ಟುವ ಅಂಕಿ. ಹಾಗಾಗಿ ನಾವು ಕಣ್ಣಿಟ್ಟು ಕಾಯಬೇಕಾದದ್ದು ಹತ್ತು ಲಕ್ಷವನ್ನಲ್ಲ, 8,000 ಮತ್ತು 22 ಎಂಬ ಎರಡು ಅಂಕಿಗಳನ್ನು. ಕಡಿಮೆ ಕೋಣೆಗಳಿಂದಲೇ ಲಾಭ ಬರಬೇಕಾದರೆ ಬೆಲೆ ಹೆಚ್ಚಿರಲೇಬೇಕು; ಹುರ್ಗಾದಾದ ಅಗ್ಗದ ಪ್ಯಾಕೇಜುಗಳಿಗೆ ಜನಜಂಗುಳಿ ಬೇಕಿತ್ತು. ದುಬಾರಿ ದರ ಹವಳಕ್ಕೆ ಅನುಕೂಲವಾಗಿರುವುದು ಈ ಒಂದು ಕಾರಣಕ್ಕೆ.

ಆದರೆ ಅದೇ ದುಬಾರಿ ದರ ತಲಾ ಬಳಕೆಯನ್ನು ಹೆಚ್ಚಿಸುತ್ತದೆ ಎಂಬ ನಿಮ್ಮ ಆತಂಕವೂ ನಿಜ. ಈಜುಕೊಳ, ತೋಟ, ಬಟ್ಟೆ ಒಗೆತ ಎಲ್ಲಕ್ಕೂ ಕಡಲ ನೀರನ್ನೇ ಸಿಹಿ ಮಾಡಬೇಕು. ಇದಕ್ಕೆ ವಿದ್ಯುತ್ ವಿಪರೀತ ಬೇಕಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಒತ್ತಡ ಹಾಕಿ ಪೊರೆಯ ಮೂಲಕ ಉಪ್ಪನ್ನು ಸೋಸುವ ಈಗಿನ ರಿವರ್ಸ್ ಆಸ್ಮೋಸಿಸ್ ಘಟಕಗಳಲ್ಲಿ ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ಸಾಕು. ನಿಜವಾದ ತೊಡಕಿರುವುದು ಉಳಿಕೆಯಲ್ಲಿ. ನೂರು ಲೀಟರ್ ಕಡಲನೀರಿನಿಂದ ನಲವತ್ತು ಲೀಟರಿನಷ್ಟು ಸಿಹಿನೀರು ತೆಗೆದರೆ, ಉಳಿದದ್ದರಲ್ಲಿ ಉಪ್ಪಿನ ಪ್ರಮಾಣ ಲೀಟರಿಗೆ 70 ಗ್ರಾಂ ಹತ್ತಿರಕ್ಕೆ ಏರುತ್ತದೆ. ಅದು ಸಾಮಾನ್ಯ ನೀರಿಗಿಂತ ಭಾರ, ಆದ್ದರಿಂದ ತಳಕ್ಕಿಳಿಯುತ್ತದೆ. ದಿಬ್ಬಗಳಿಂದ ಸುತ್ತುವರಿದ, ಆಳವಿಲ್ಲದ ಹಿನ್ನೀರಿನಲ್ಲಿ ತಳದಲ್ಲಿರುವುದು ಕಡಲಹುಲ್ಲು ಮತ್ತು ಹವಳ. ಕಡಲಿಗೆ ಏನನ್ನೂ ಬಿಡುವುದಿಲ್ಲ ಎಂಬುದು ತಾಣ ಕಟ್ಟುವ ಸಂಸ್ಥೆ ಘೋಷಿಸಿಕೊಂಡ ನೀತಿ. ಅದು ಕೊನೆಯ ಹೋಟೆಲ್ ತೆರೆದ ಮೇಲೂ ಪಾಲನೆಯಾದರೆ ಸೌರಫಲಕಗಳಿಗಿಂತ ದೊಡ್ಡ ಸಾಧನೆ ಎಂದು ಒಪ್ಪುತ್ತೇನೆ.

ಸೌರಶಕ್ತಿಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ತಾಣವು ದೇಶದ ವಿದ್ಯುತ್ ಜಾಲಕ್ಕೆ ಸೇರಿಲ್ಲ. 7,60,000ಕ್ಕೂ ಹೆಚ್ಚು ಫಲಕಗಳು ಹಗಲಿನ ವಿದ್ಯುತ್ ಕೊಡುತ್ತವೆ, ರಾತ್ರಿಗೆ ಸಾವಿರ ಮೆಗಾವಾಟ್-ಗಂಟೆ ಮೀರಿದ ಬ್ಯಾಟರಿಗಳಿವೆ. ಇದು ತಾಂತ್ರಿಕವಾಗಿ ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಈ ಲೆಕ್ಕ ಆರಂಭವಾಗುವುದು ಅತಿಥಿ ವಿಮಾನದಿಂದ ಇಳಿದ ಮೇಲೆ. ತಾಣದ ವಿಮಾನ ನಿಲ್ದಾಣಕ್ಕೆ 2023ರಲ್ಲಿ ದೇಶದೊಳಗಿನ ಮತ್ತು 2024ರಲ್ಲಿ ದುಬೈಯಿಂದ ವಿಮಾನಗಳು ಬರತೊಡಗಿದವು. ಲಂಡನ್ನಿನಿಂದ ಬಂದುಹೋಗುವ ಒಬ್ಬ ಪ್ರಯಾಣಿಕನ ಪಾಲಿಗೆ ಒಂದು ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ, ದುಬಾರಿ ದರ್ಜೆಯ ಆಸನವಾದರೆ ಇನ್ನೂ ಹೆಚ್ಚು. ಆ ಇಂಗಾಲವೇ ಕಡಲನ್ನು ಬಿಸಿ ಮಾಡಿ ಹವಳವನ್ನು ಬಿಳಿಚಿಸುವುದರಿಂದ, ಇದನ್ನು ಹೊರಗಿಟ್ಟು ಹೇಳುವ ಯಾವ ಹಸಿರು ಲೆಕ್ಕವೂ ಅರ್ಧ ಲೆಕ್ಕ.

2040ರ ಹೊತ್ತಿಗೆ ಜೀವವೈವಿಧ್ಯವನ್ನು ಶೇ 30ರಷ್ಟು ಹೆಚ್ಚಿಸುತ್ತೇವೆ, 2030ರೊಳಗೆ ಐದು ಕೋಟಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುತ್ತೇವೆ ಎಂಬ ಗುರಿಗಳೂ ಇವೆ. ನಿಮ್ಮ ಊರಿನ ಪಂಚಗಂಗಾವಳಿಯ ಕಾಂಡ್ಲಾವನ ನೀವು ನೋಡಿದವರು. ಅಲ್ಲಿ ಹೊಳೆ ಮೆಕ್ಕಲು ತಂದು ಹಾಕುತ್ತದೆ, ಗಿಡ ತಾನಾಗಿ ಬೇರೂರುತ್ತದೆ. ಕೆಂಪು ಸಮುದ್ರದ ದಂಡೆಯಲ್ಲಿ ಹೊಳೆಯೂ ಇಲ್ಲ, ಮೆಕ್ಕಲೂ ಇಲ್ಲ. ಕಬ್ಬಿಣದಂತಹ ಪೋಷಕಾಂಶಗಳ ಕೊರತೆಯಿಂದ ಅಲ್ಲಿನ ಅವಿಸೀನಿಯ ಎಂಬ ಜಾತಿಯ ಕಾಂಡ್ಲಾ ಗಿಡಗಳು ಕುಳ್ಳಾಗಿಯೇ ಉಳಿಯುತ್ತವೆ. ಅಲ್ಲಿ ನೆಟ್ಟ ಸಸಿಗಳ ಸಂಖ್ಯೆಗಿಂತ ಐದು ವರ್ಷದ ಮೇಲೆ ಉಳಿದ ಗಿಡಗಳ ಸಂಖ್ಯೆಯನ್ನು ಪ್ರಕಟಿಸಲಿ ಎಂದು ಕೇಳುವುದು ನ್ಯಾಯ.

ಕೇಳುವವರು ಯಾರು ಎಂಬುದೇ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ತಾಣ ಕಟ್ಟುವ ರೆಡ್ ಸೀ ಗ್ಲೋಬಲ್ ಸಂಸ್ಥೆಯ ಒಡೆತನ ಹೂಡಿಕೆ ನಿಧಿಯದು, ನಿಧಿಯ ಅಧ್ಯಕ್ಷರು ಯುವರಾಜರು, ನಿಯಮ ಮಾಡುವ ಸರ್ಕಾರದ ಮುಖ್ಯಸ್ಥರೂ ಅವರೇ. ಅಲ್ ವಕ್ಕಾದಿಯನ್ನು ಬಿಟ್ಟುಕೊಟ್ಟದ್ದು ಅವರ ನಿರ್ಧಾರ; ನಾಳೆ ಹಣದ ಒತ್ತಡ ಬಂದು 22 ದ್ವೀಪ 30 ಆಗಬೇಕೆಂದರೆ ಅದನ್ನೂ ಅವರೇ ನಿರ್ಧರಿಸಬಹುದು. ಹುರ್ಗಾದಾದಲ್ಲಿ ತಡವಾಗಿಯಾದರೂ ಡೈವಿಂಗ್ ನಡೆಸುವವರು ಸಂಘ ಕಟ್ಟಿ ಸರ್ಕಾರವನ್ನು ಒತ್ತಾಯಿಸಲು ಸಾಧ್ಯವಾಯಿತು. ಯೋಜನೆಯ ಬಗ್ಗೆ ಬಹಿರಂಗವಾಗಿ ತಕರಾರೆತ್ತುವ ಸ್ವತಂತ್ರ ಪರಿಸರ ಸಂಘಟನೆಗಾಗಲಿ ಪತ್ರಿಕೆಗಾಗಲಿ ಸೌದಿಯಲ್ಲಿ ಜಾಗವಿಲ್ಲ. ಕಡಲಿನ ಸ್ಥಿತಿಯ ಮಾಪನಗಳನ್ನು ವರ್ಷವರ್ಷವೂ ಯಾರು ಬೇಕಾದರೂ ನೋಡುವಂತೆ ಪ್ರಕಟಿಸಿ, ಹೊರಗಿನ ವಿಜ್ಞಾನಿಗಳಿಗೆ ನೀರಿಗಿಳಿದು ತಾಳೆ ನೋಡಲು ಬಿಟ್ಟರೆ ಮಾತ್ರ ಒಳ್ಳೆಯ ಆರಂಭ ಒಳ್ಳೆಯದಾಗಿಯೇ ಉಳಿದಿದೆ ಎಂದು ನಾವು ನಂಬಬಹುದು.

ನಿಮ್ಮ ಮೂರನೆಯ ಪ್ರಶ್ನೆ ನಿಮ್ಮ ಮನೆಗೇ ಸಂಬಂಧಿಸಿದ್ದು. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. 2021ರ ಮಾರ್ಚ್‌ನಿಂದ ಹೆಚ್ಚಿನ ಖಾಸಗಿ ನೌಕರರು ಕೆಲವು ಷರತ್ತುಗಳಿಗೊಳಪಟ್ಟು ಮಾಲೀಕರ ಒಪ್ಪಿಗೆಯಿಲ್ಲದೆಯೂ ಕೆಲಸ ಬದಲಿಸಬಹುದು. ಆದರೆ ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಗೊತ್ತಿರುವಂತೆ, ಕಾನೂನು ಮುಖ್ಯ ಸಂಸ್ಥೆಯವರೆಗೆ ಚೆನ್ನಾಗಿಯೇ ತಲುಪಿ, ಉಪಗುತ್ತಿಗೆದಾರನ ಉಪಗುತ್ತಿಗೆದಾರನ ಬಳಿ ಬರುವಾಗ ಸೊರಗಿಹೋಗುತ್ತದೆ. ಸಂಬಳ ತಡವಾಗುವುದು, ಏಜೆಂಟರ ಸಾಲ ತೀರದಿರುವುದು ನಡೆಯುವುದು ಆ ಕೊನೆಯ ಮೆಟ್ಟಿಲಿನಲ್ಲಿ. ಆಮೆಯ ಮೊಟ್ಟೆಗಳನ್ನು ಎಣಿಸುವಷ್ಟೇ ಕಾಳಜಿಯಿಂದ ಆ ಮೆಟ್ಟಿಲಿನವರ ಸಂಬಳದ ದಿನಾಂಕಗಳನ್ನೂ ಎಣಿಸಿ ಪ್ರಕಟಿಸುವ ತಾಣವನ್ನು ಮಾತ್ರ ನಾನು ಪೂರ್ಣ ಮನಸ್ಸಿನಿಂದ ಹೊಗಳಬಲ್ಲೆ.

ನಿಮ್ಮ ಅಳಿಯಂದಿರು ಒಪ್ಪಿದರೆ, ತಮ್ಮ ಕೆಲಸ, ವಸತಿ, ಊಟ, ಬೇಸಿಗೆಯ ಪಾಳಿ, ರಜೆಯ ಬಗ್ಗೆ ಕಂಡದ್ದನ್ನು ಕಂಡಂತೆ ಬರೆದು ಕಳಿಸಲಿ. ಒಳ್ಳೆಯದಿದ್ದರೆ ಒಳ್ಳೆಯದನ್ನೂ ಬರೆಯಲಿ. ಅವರ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ನಾವು ಪ್ರಕಟಿಸುವುದಿಲ್ಲ. ಅವರ ಕೆಲಸಕ್ಕೆ ತೊಂದರೆಯಾಗುವ ಸಂಭವ ಕಿಂಚಿತ್ತಾದರೂ ಇದೆ ಎನಿಸಿದರೆ ಈಗ ಬರೆಯುವುದು ಬೇಡ, ಊರಿಗೆ ಮರಳಿದ ಮೇಲೆ ಬರೆಯಲಿ. ಆ ಬರಹಕ್ಕೆ ಈ ಪತ್ರಿಕೆಯಲ್ಲಿ ಯಾವಾಗ ಬಂದರೂ ಪುಟಗಳಿರುತ್ತವೆ.

— ಸಂಪಾದಕ