ಟ್ರಿಪಲ್ ಜಂಪ್ ನಂಬಿಕೊಂಡು ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗಬಹುದೇ?

ದ್ವಿತೀಯ ಪಿಯುಸಿಯಲ್ಲಿರುವ ತಮ್ಮ ಮಗ 13.80 ಮೀಟರ್ ಜಿಗಿಯುತ್ತಾನೆ, ಅವನಿಗೆ ಟ್ರಿಪಲ್ ಜಂಪ್‌ನಲ್ಲಿ ಅಂತರರಾಷ್ಟ್ರೀಯ ಭವಿಷ್ಯವಿದೆಯೇ, ಅದಕ್ಕಾಗಿ ಓದು ಬಿಡಿಸಿ ಮಧುಗಿರಿಯಿಂದ ಬೆಂಗಳೂರಿಗೆ ಕಳುಹಿಸಬೇಕೇ ಎಂದು ಕೇಳಿದ್ದೀರಿ. ಇದೇ ಸ್ಪರ್ಧೆಯಲ್ಲಿ ವಿಶ್ವವಿದ್ಯಾಲಯ ಮಟ್ಟದವರೆಗೆ ಪಾಲ್ಗೊಂಡು, ಈಗ ತುಮಕೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿರುವ ನನ್ನ ಅಭಿಪ್ರಾಯದಲ್ಲಿ ಭವಿಷ್ಯ ಖಂಡಿತ ಇದೆ; ಅವಸರಪಟ್ಟರೆ ಮಾತ್ರ ಇರುವುದೂ ಕೈತಪ್ಪುತ್ತದೆ.

ಮೊದಲು ಅಂತರ ಎಷ್ಟೆಂದು ತಿಳಿಯಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಪುರುಷರ ನೇರ ಅರ್ಹತೆಯ ಮಟ್ಟ 17.22 ಮೀಟರ್ ಆಗಿತ್ತು. ತಮಿಳುನಾಡಿನ ಪ್ರವೀಣ್ ಚಿತ್ರವೇಲ್ 2023ರಲ್ಲಿ ಹವಾನಾದಲ್ಲಿ ಬರೆದ ರಾಷ್ಟ್ರೀಯ ದಾಖಲೆಯೇ 17.37 ಮೀಟರ್. ಅಂದರೆ ಒಲಿಂಪಿಕ್ಸ್‌ನ ಬಾಗಿಲು ತಟ್ಟುವುದಕ್ಕೇ ಹೆಚ್ಚುಕಡಿಮೆ ದೇಶದ ದಾಖಲೆಯ ಹತ್ತಿರ ಜಿಗಿಯಬೇಕು. ಹಾಗಾಗಿ ಜಿಲ್ಲಾ ಮಟ್ಟದ ಪದಕವನ್ನು ಆರಂಭವೆಂದಷ್ಟೇ ಎಣಿಸಿರಿ. ಹಾಗೆಂದು ಎದೆಗುಂದಬೇಕಿಲ್ಲ: 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಎಲ್ಡೋಸ್ ಪಾಲ್ 17.03 ಮೀಟರ್ ಜಿಗಿದು ಚಿನ್ನವನ್ನೂ, ಒಂದೇ ಸೆಂಟಿಮೀಟರ್ ಹಿಂದುಳಿದ ಅಬ್ದುಲ್ಲಾ ಅಬೂಬಕರ್ ಬೆಳ್ಳಿಯನ್ನೂ ತಂದರು.

ಈ ಕ್ರೀಡೆಯಲ್ಲಿ ವೃತ್ತಿಜೀವನದ ಉದ್ದವನ್ನು ನಿರ್ಧರಿಸುವುದು ಹಿಮ್ಮಡಿ, ಕಣಕಾಲು ಮತ್ತು ಮೊಣಕಾಲು. ಟ್ರಿಪಲ್ ಜಂಪ್ ಎಂದರೆ ಓಡಿ ಬಂದು ಒಂದರ ಹಿಂದೊಂದು ಹಾರುವ ಮೂರು ನೆಗೆತ: ಜಿಗಿತ ಆರಂಭಿಸುವ ಹಲಗೆ ಮೆಟ್ಟಿದ ಕಾಲಿನ ಮೇಲೆಯೇ ಮತ್ತೆ ಇಳಿಯುವುದು ಹಾಪ್, ಇನ್ನೊಂದು ಕಾಲಿಗೆ ದಾಟುವುದು ಸ್ಟೆಪ್, ಕೊನೆಗೆ ಮರಳಿಗೆ ಹಾರುವುದು ಜಂಪ್. ವೇಗವಾಗಿ ಓಡಿ ಬಂದವನು ಹೀಗೆ ಒಂಟಿಕಾಲಿನಲ್ಲಿ ಇಳಿಯುವಾಗ, ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ, ಆ ಕಾಲು ದೇಹದ ತೂಕದ ಹತ್ತು ಪಟ್ಟಿಗೂ ಮೀರಿದ ಹೊರೆಯನ್ನು ತಡೆಯಬೇಕಾಗುತ್ತದೆ. 2012 ಮತ್ತು 2016ರ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಕ್ರಿಸ್ಟಿಯನ್ ಟೇಲರ್ ಮೊಣಕಾಲು ನೋವಿನಿಂದಾಗಿ ಎರಡು ಚಿನ್ನಗಳ ನಡುವೆ ಜಿಗಿಯುವ ಕಾಲನ್ನೇ ಎಡದಿಂದ ಬಲಕ್ಕೆ ಬದಲಿಸಿಕೊಂಡರು, ಬದಲಿಸಿದ ಕಾಲಿನಲ್ಲಿ 2015ರಲ್ಲಿ ಬೀಜಿಂಗ್‌ನಲ್ಲಿ 18.21 ಮೀಟರ್ ಜಿಗಿದರು. ಬರೆಯುವ ಕೈ ಬದಲಿಸುವುದಕ್ಕಿಂತಲೂ ಕಷ್ಟದ ಕೆಲಸವದು! ಅಂಥವರೂ 2021ರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಟೋಕಿಯೋ ಒಲಿಂಪಿಕ್ಸ್ ತಪ್ಪಿಸಿಕೊಂಡರು. ನಮ್ಮ ಕಡೆ ಪಂದ್ಯ ಹತ್ತಿರ ಬಂದಾಗ ಹುಡುಗರನ್ನು ಗಟ್ಟಿ ನೆಲದ ಮೇಲೆ ದಿನವೂ ಪೂರ್ತಿ ಜಿಗಿತ ಹಾರಿಸುವ ಅಭ್ಯಾಸವಿದೆ; ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಈ ವಯಸ್ಸಿನಲ್ಲಿ ಅವನಿಗೆ ಬೇಕಾದುದು ಓಟದ ವೇಗ, ತೊಡೆ ಮತ್ತು ಸೊಂಟದ ಬಲ, ಹುಲ್ಲಿನ ಮೇಲಿನ ಸಣ್ಣ ಸಣ್ಣ ನೆಗೆತಗಳು ಹಾಗೂ ಸಾಕಷ್ಟು ವಿಶ್ರಾಂತಿ.

ತಡವಾಯಿತೆಂಬ ಭಯವೂ ಬೇಡ. ಇಂಗ್ಲೆಂಡಿನ ಜೊನಾಥನ್ ಎಡ್ವರ್ಡ್ಸ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಫೈನಲ್ ಕೂಡ ತಲುಪಿರಲಿಲ್ಲ. 1995ರಲ್ಲಿ, 29ನೇ ವಯಸ್ಸಿನಲ್ಲಿ, ಅವರು ಗೋಥೆನ್‌ಬರ್ಗ್‌ನಲ್ಲಿ ಜಿಗಿದ 18.29 ಮೀಟರ್ ಇಂದಿಗೂ ವಿಶ್ವದಾಖಲೆ. ಒಲಿಂಪಿಕ್ ಚಿನ್ನ ಅವರಿಗೆ ದಕ್ಕಿದ್ದು 2000ದಲ್ಲಿ ಸಿಡ್ನಿಯಲ್ಲಿ. ಇದಕ್ಕೆ ಇನ್ನೊಂದು ಮುಖವೂ ಇದೆ. ರಂಜಿತ್ ಮಹೇಶ್ವರಿ 2016ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ 17.30 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದರು, ಮರು ತಿಂಗಳು ರಿಯೋ ಒಲಿಂಪಿಕ್ಸ್‌ನಲ್ಲಿ ಫೈನಲ್‌ಗೆ ಹೋಗಲಾಗಲಿಲ್ಲ. ಬೇಕಾದ ದಿನ ಬೇಕಾದಷ್ಟು ಜಿಗಿಯುವ ಸಾಮರ್ಥ್ಯ ಬರುವುದು ದೊಡ್ಡ ಕೂಟಗಳಲ್ಲಿ ವರ್ಷಗಟ್ಟಲೆ ಸ್ಪರ್ಧಿಸಿದ ಮೇಲೆಯೇ.

ಹೀಗಿರುವಾಗ ಓದು ಬಿಡಿಸುವುದು ನನಗೆ ಸರಿಕಾಣದು. ಪದವಿಗೆ ಸೇರಿದರೆ ಅಂತರ ವಿಶ್ವವಿದ್ಯಾಲಯ ಕೂಟಗಳ ದಾರಿ ತೆರೆಯುತ್ತದೆ. ಮುಂದೆ ರೈಲ್ವೆಯಲ್ಲೋ ಸೇನಾಪಡೆಗಳಲ್ಲೋ ಕ್ರೀಡಾ ಕೋಟಾದ ಕೆಲಸ ಸಿಕ್ಕರೆ ಸಂಬಳದ ಚಿಂತೆಯಿಲ್ಲದೆ ಅಭ್ಯಾಸ ಮಾಡಬಹುದು. ಎಲ್ಡೋಸ್ ನೌಕಾಪಡೆಯವರು, ಅಬ್ದುಲ್ಲಾ ವಾಯುಪಡೆಯವರು. ಸದ್ಯಕ್ಕೆ ತುಮಕೂರಿನಲ್ಲಿ ಪದವಿಗೆ ಸೇರಿಸಿ, ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಜಿಗಿತದ ತರಬೇತಿ ಬಲ್ಲವರು ಯಾರಿದ್ದಾರೆಂದು ವಿಚಾರಿಸಿರಿ. 15 ಮೀಟರ್ ದಾಟಿದ ಮೇಲೆ ಬೆಂಗಳೂರಿನ ಮಾತು. ಆಗ ಹಾಸ್ಟೆಲ್ ಕಟ್ಟಡಕ್ಕಿಂತ ಜಿಗಿತಕ್ಕೆಂದೇ ಇರುವ ಕೋಚ್ ಮುಖ್ಯ.

ತಾವು ಕೇಳದ ಒಂದು ವಿಷಯವನ್ನೂ ಸೇರಿಸುತ್ತೇನೆ. ಜಿಮ್‌ಗಳಲ್ಲಿ ಮಾರುವ ಪುಡಿ, ಮಾತ್ರೆಗಳನ್ನು ಯಾರು ಕೊಟ್ಟರೂ ಅವನು ಮುಟ್ಟಬಾರದು. ಅದರಲ್ಲಿ ನಿಷೇಧಿತ ಪದಾರ್ಥವಿತ್ತೆಂದು ತಿಳಿದಿರಲಿಲ್ಲವೆಂದರೂ ಮೂತ್ರದ ಮಾದರಿಯಲ್ಲಿ ಕಂಡುಬಂದುದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ನಿಯಮ, ನಿಷೇಧ ನಾಲ್ಕು ವರ್ಷದವರೆಗೂ ಆಗಬಹುದು. ಮನೆಯ ಮುದ್ದೆ, ಕಾಳು, ಮೊಟ್ಟೆ, ಹಾಲು ಈಗಿನ ಹಂತಕ್ಕೆ ಸಾಕು.