ಆಪ್ತಸಲಹೆ ಪ್ರಕರಣ: ಅಪ್ಪನ ಮಳೆ ಪುಸ್ತಕ

ಈ ಪ್ರಕರಣವನ್ನು ಬರೆಯಲು ಮಗಳು ಮತ್ತು ತಾಯಿ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಊರು, ವಯಸ್ಸು, ಉದ್ಯೋಗ ಮೊದಲಾಗಿ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ತಂದೆ ದಿನದಿನದ ಮಳೆಯ ಅಳತೆ ಬರೆದಿಡುತ್ತಿದ್ದ ಮಳೆ ಪುಸ್ತಕದ ವಿಷಯವನ್ನು ಮಾತ್ರ ಅವರೇ ಕೇಳಿಕೊಂಡಿದ್ದರಿಂದ ಇದ್ದ ಹಾಗೆಯೇ ಉಳಿಸಿದ್ದೇನೆ.

ಡಿಸೆಂಬರ್ ತಿಂಗಳಲ್ಲಿ ನನ್ನ ಬಳಿಗೆ ಬಂದವರು 35ರ ಆಸುಪಾಸಿನ ಮಹಿಳೆ. ಮೈಸೂರಿನಲ್ಲಿ ಕೆಲಸ, ಒಬ್ಬ ಮಗ. ತವರು ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿ, ಅಲ್ಲಿ 6 ಎಕರೆ ಕಾಫಿ ತೋಟ. ಹಿಂದಿನ ಫೆಬ್ರವರಿಯಲ್ಲಿ, ರೊಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿದ್ದ ದಿನಗಳಲ್ಲಿ, ಸಂಜೆ ಕಣದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದಾಗ ಅವರ ತಂದೆ ಕುಸಿದು ಬಿದ್ದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದರು. ವರ್ಷಾಂತಿಕ ಹತ್ತಿರ ಬರುತ್ತಿತ್ತು. ಓದಿದವಳು, ಮಗಳು, ನೀನೇ ನಾಲ್ಕು ಮಾತು ಬರೆದು ಓದಬೇಕು ಎಂದು ನೆಂಟರೆಲ್ಲ ಸೇರಿ ಆಕೆಗೆ ಒಪ್ಪಿಸಿದ್ದರು. ಆರು ವಾರಗಳಿಂದ ಆಕೆಗೆ ಒಂದು ಸಾಲನ್ನೂ ಬರೆಯಲು ಆಗಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ನಿದ್ದೆ ಇರಲಿಲ್ಲ.

ತಂದ ಹಾಳೆಯನ್ನು ನನಗೆ ತೋರಿಸಿದರು. 'ಆದರ್ಶ ಕುಟುಂಬ ವತ್ಸಲ, ಅಪ್ರತಿಮ ಪರಿಸರ ಪ್ರೇಮಿ' ಎಂದು ಬರೆದು ಹೊಡೆದು ಹಾಕಿದ್ದರು. "ಇದು ಸುಳ್ಳಲ್ಲ ಮೇಡಂ. ಆದರೆ ಇದರಲ್ಲಿ ನನ್ನ ಅಪ್ಪ ಇಲ್ಲ" ಎಂದರು.

ಮೊದಲ ಭೇಟಿಯಲ್ಲಿ ನಾನು ಕೇಳಲೇಬೇಕಾದ ಪ್ರಶ್ನೆಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗ ವರ್ಗೀಕರಣದಲ್ಲಿ ದೀರ್ಘಕಾಲದ ಶೋಕವೆಂಬುದು ಒಂದು ಪ್ರತ್ಯೇಕ ಸಮಸ್ಯೆಯಾಗಿದೆ. ಅದಕ್ಕೆ ಕನಿಷ್ಠ 6 ತಿಂಗಳು ಕಳೆದಿರಬೇಕು, ದಿನನಿತ್ಯದ ಬದುಕು ಕೆಟ್ಟಿರಬೇಕು, ಮತ್ತು ಅವರವರ ಸಮುದಾಯದ ರೂಢಿಗೆ ಮೀರಿದ ದುಃಖವಾಗಿರಬೇಕು. ಈಕೆ ಕೆಲಸಕ್ಕೆ ಹೋಗುತ್ತಿದ್ದರು, ಮಗನೊಂದಿಗೆ ನಗುತ್ತಿದ್ದರು, ಸಾಯುವ ಯೋಚನೆ ಬಂದಿಲ್ಲವೆಂದು ನೇರವಾಗಿ ಹೇಳಿದರು. ನಾನು ಯಾವ ಕಾಯಿಲೆಯ ಹೆಸರನ್ನೂ ಕೊಡಲಿಲ್ಲ. ಆದರೂ ನಡುರಾತ್ರಿ ತಡೆಯಲಾರದಷ್ಟು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು ಎಂದು ಬರೆದುಕೊಟ್ಟೆ.

ನಿಜವಾದ ಸಂಕಟ ಎರಡನೆಯ ಭೇಟಿಯಲ್ಲಿ ಹೊರಬಂತು. ಜನವರಿಯಲ್ಲೇ ತಂದೆಗೆ ಎದೆ ಹಿಡಿದಂತೆ ಆಗುತ್ತಿತ್ತು. ಗ್ಯಾಸ್ಟ್ರಿಕ್ ಎಂದು ಹೇಳಿ ಜೀರಿಗೆ ಕಷಾಯ ಕುಡಿಯುತ್ತಿದ್ದರು. ಮೈಸೂರಿಗೆ ಬಂದು ತೋರಿಸಿಕೊಳ್ಳಿ ಎಂದು ಮಗಳು ಹೇಳಿದಾಗಲೆಲ್ಲ "ಕೊಯ್ಲು ಮುಗಿಯಲಿ" ಎಂಬ ಒಂದೇ ಉತ್ತರ. ಕೊನೆಗೆ ಮುನಿಸಿಕೊಂಡು ಆಕೆ ಹದಿನಾಲ್ಕು ದಿನ ಫೋನ್ ಮಾಡಲಿಲ್ಲ. ಹದಿನೈದನೆಯ ದಿನ ಫೋನ್ ಬಂದದ್ದು ಅಣ್ಣನಿಂದ.

ಇಲ್ಲಿ ಒಂದು ಮಾತನ್ನು ಓದುಗರಿಗೇ ಹೇಳಬೇಕಾಗಿದೆ. "ಕೊಯ್ಲು ಮುಗಿಯಲಿ" ಎಂಬ ಮಾತನ್ನು ಕೊಡಗಿನ ಎಷ್ಟೋ ಮನೆಗಳಿಂದ ಕೇಳಿದ್ದೇನೆ. ಎದೆ ಬಿಗಿತದ ಜೊತೆಗೆ ಬೆವರು, ಎಡಗೈಗೋ ದವಡೆಗೋ ಹರಡುವ ನೋವು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕಾದ ವಿಷಯ. ಕಾಫಿ ಗಿಡದಲ್ಲಿ ನಾಲ್ಕು ದಿನ ಹೆಚ್ಚು ನಿಂತರೆ ನಷ್ಟವಾಗಬಹುದು, ಆ ನಷ್ಟವನ್ನು ತಡೆದುಕೊಳ್ಳಬಹುದು.

ತಂದೆಯ ಬಗ್ಗೆ ಹೇಳಿ ಎಂದಾಗ ಆಕೆ ಮಳೆ ಪುಸ್ತಕದ ಮಾತು ತೆಗೆದರು. ಅಂಗಳದ ತುದಿಯಲ್ಲಿ ಮಳೆಮಾಪಕ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಅಪ್ಪ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಂಚು ಸೆಂಟುಗಳಲ್ಲಿ ಬರೆಯುತ್ತಿದ್ದರು. ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟು. ಸರ್ಕಾರ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾದರೂ ನಮ್ಮ ತೋಟದವರ ಲೆಕ್ಕ ಇನ್ನೂ ಇಂಚು, ಸೆಂಟು. ಮೂವತ್ತು ವರ್ಷಕ್ಕೂ ಮೀರಿದ ಲೆಕ್ಕ ಆ ಮನೆಯ ಬೀರುವಿನಲ್ಲಿತ್ತು. ಅಪ್ಪ ಸತ್ತ ಮೇಲೆ ಅವ್ವ ಬೀರುವಿಗೆ ಬೀಗ ಹಾಕಿದ್ದರು, ಮಗಳು ಕೀಲಿ ಕೇಳಿರಲಿಲ್ಲ. ಆ ಹದಿನಾಲ್ಕು ದಿನಗಳ ಪುಟದಲ್ಲಿ ಏನಿದೆಯೋ ಎಂಬ ಹೆದರಿಕೆ.

ಮೂರನೆಯ ಭೇಟಿಗೆ ತಾಯಿಯೂ ಬಂದರು, ಮಡಿಲಲ್ಲಿ ಎರಡು ಪುಸ್ತಕ ಇಟ್ಟುಕೊಂಡು. ಮೊದಲು ಹಳೆಯದನ್ನು ತೆರೆದೆವು. ಏಪ್ರಿಲ್ ತಿಂಗಳ ಒಂದು ಸಾಲು: '1 ಇಂಚು 15 ಸೆಂಟ್. ಹೂಮಳೆ. ಮಗಳ ಪರೀಕ್ಷೆ ಮುಗಿಯಿತು.' ಹೂಮಳೆ ಎಂದರೆ ಕಾಫಿ ಗಿಡದಲ್ಲಿ ಹೂ ಅರಳಿಸುವ ಬೇಸಿಗೆಯ ಮಳೆ. ಇನ್ನೊಂದು ಸಾಲು: '40 ಸೆಂಟ್. ಬಸರಿ ಹಣ್ಣಿಗೆ ಮಂಗಟ್ಟೆ ನಾಲ್ಕು. ಇವಳಿಗೆ ಜ್ವರ, ನಾನೇ ಗಂಜಿ ಮಾಡಿದೆ.' ಮಂಗಟ್ಟೆ ಹಕ್ಕಿಗಳು ಬರುತ್ತಿದ್ದ ಆ ಬಸರಿ ಮರದ ನೆರಳು ಹೆಚ್ಚಾಗಿ ಕೆಳಗಿನ ಕಾಫಿ ಸರಿಯಾಗಿ ಕಾಯಿ ಕಟ್ಟುತ್ತಿರಲಿಲ್ಲವಂತೆ. ಮರ ಕಪಾತಿನ, ಅಂದರೆ ಕೊಂಬೆ ಕಡಿಯುವ ಕೆಲಸದವರು ಪ್ರತಿ ವರ್ಷ ಕೇಳುತ್ತಿದ್ದರು, ಅಪ್ಪ ಪ್ರತಿ ವರ್ಷ ಅದನ್ನು ಬಿಡಿಸುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಊರಿಗೆ ಊರೇ ಮನೆ ಬಿಟ್ಟ ದಿನಗಳಲ್ಲಿ ಕೆಲವು ಸಾಲುಗಳು ಖಾಲಿ ಇದ್ದವು. ಅವುಗಳ ಕೆಳಗೆ ಬೇರೆ ಶಾಯಿಯಲ್ಲಿ ಹೀಗಿತ್ತು: 'ಅಳೆಯಲಿಲ್ಲ. ಮಕ್ಕಳು ಕ್ಷೇಮ.'

ಮಗಳು ಆ ಕೊನೆಯ ಎರಡು ಪದಗಳ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕುಳಿತರು. ಮನೆಯವರ ಮೇಲಿನ ಪ್ರೀತಿ, ಮಳೆ ಮರ ಹಕ್ಕಿಗಳ ಮೇಲಿನ ಪ್ರೀತಿ ಎಂದು ನೆಂಟರು ಎರಡಾಗಿ ಹೇಳುತ್ತಿದ್ದುದನ್ನು ಆ ಮನುಷ್ಯ ಒಂದೇ ಸಾಲಿನಲ್ಲಿ ಬರೆದಿಟ್ಟಿದ್ದರು.

ಆಮೇಲೆ ಕೊನೆಯ ಪುಸ್ತಕ. ಫೆಬ್ರವರಿಯಲ್ಲಿ ಸಾಮಾನ್ಯವಾಗಿ ಮಳೆ ಇರುವುದಿಲ್ಲ. ದಿನಾಂಕ, ಅದರ ಮುಂದೆ 'ಇಲ್ಲ'. ಮರುದಿನ 'ಇಲ್ಲ'. ಹದಿನಾಲ್ಕು ಸಾಲು ಹಾಗೆಯೇ. ಮಗಳ ಬಗ್ಗೆ ಒಂದಕ್ಷರ ಇರಲಿಲ್ಲ; ನೋವೂ ಇಲ್ಲ, ಕ್ಷಮೆಯೂ ಇಲ್ಲ. ಅವರು ನನ್ನ ಮುಖ ನೋಡಿದರು. 'ಅಪ್ಪ ಬೇಸರ ಮಾಡಿಕೊಂಡಿರಲಿಲ್ಲ ಎಂದೇ ಇದರ ಅರ್ಥ' ಎಂದು ಹೇಳಿಬಿಡುವ ಆಸೆ ನನಗೂ ಆಯಿತು. ಹೇಳಲಿಲ್ಲ. ಆ ಪುಟ ಹೇಳದೇ ಇರುವುದನ್ನು ನಾವು ಅದರ ಬಾಯಲ್ಲಿ ಹಾಕಬಾರದು ಎಂದೆ. ಆಗ ತಾಯಿ, "ನೀನು ಫೋನ್ ಮಾಡಿಲ್ಲ ಅಂತ ನನ್ನ ಹತ್ತಿರ ಎರಡು ಸಲ ಹೇಳಿದರು. ನಿನ್ನ ಹಾಗೆಯೇ ಹಟ, ಅವರೂ ಮಾಡಲಿಲ್ಲ" ಎಂದರು. ಸಮಾಧಾನಕ್ಕೆಂದು ಹೇಳಿದ ಮಾತಲ್ಲ ಅದು, ಆದ್ದರಿಂದಲೇ ಮಗಳು ಅದನ್ನು ನಂಬಿದರು, ಅತ್ತರು.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಅಪ್ಪನಿಗೆ ಒಂದು ಪತ್ರ ಬರೆಯಿರಿ, ಯಾರಿಗೂ ತೋರಿಸಬೇಡಿ; ಕೋಪವನ್ನೂ ಬರೆಯಿರಿ. ಆರೋಗ್ಯ ತೋರಿಸಿಕೊಳ್ಳದೆ ಹೋದವರ ಮೇಲೆ ಸಿಟ್ಟು ಬರುವುದು ಅವರನ್ನು ಪ್ರೀತಿಸಿದವರಿಗೇ, ಆ ಸಿಟ್ಟನ್ನು ಒಳಗೆ ಅದುಮಿಟ್ಟುಕೊಂಡು ಹೊಗಳಿಕೆ ಬರೆಯಹೊರಟರೆ ಕೈ ಓಡುವುದಿಲ್ಲ. ಎರಡನೆಯದಾಗಿ, ಫೋನ್ ಮಾಡದ ಆ ದಿನಗಳಲ್ಲಿ ನಿಮಗೆ ಏನು ಗೊತ್ತಿತ್ತು, ಸಾವಿನ ನಂತರ ಏನು ಗೊತ್ತಾಯಿತು ಎಂಬುದನ್ನು ಎರಡು ಕಡೆ ಬೇರೆ ಬೇರೆ ಬರೆಯಿರಿ, ಏಕೆಂದರೆ ಇಂದಿನ ತಿಳಿವಳಿಕೆಯಿಂದ ಅಂದಿನ ನಿಮ್ಮನ್ನು ವಿಚಾರಣೆ ಮಾಡುವುದು ನ್ಯಾಯವಲ್ಲ. ನೀವು ಮುನಿಸಿಕೊಂಡದ್ದು ಅವರು ಬದುಕಲಿ ಎಂದೇ. ದಿನವಿಡೀ ದುಃಖದಲ್ಲಿರಬೇಕೆಂದೇನೂ ಇಲ್ಲ ಎಂದೂ ಹೇಳಿದೆ. ಶೋಕದ ಅಧ್ಯಯನ ಮಾಡಿದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ತೋರಿಸಿಕೊಟ್ಟ ಹಾಗೆ, ಮನಸ್ಸು ಅಗಲಿಕೆಯ ಕಡೆಗೂ ಮುಂದಿನ ಬದುಕಿನ ಕಡೆಗೂ ತೂಗುತ್ತಿರುವುದು ಸಹಜ. ಮಗನ ಜೊತೆ ನಕ್ಕ ಸಂಜೆಗೆ ತಪ್ಪಿತಸ್ಥರಂತೆ ಕುಳಿತುಕೊಳ್ಳಬೇಡಿ.

ವರ್ಷಾಂತಿಕದ ಬರಹಕ್ಕೆ ಒಂದೇ ನಿಯಮ ಹಾಕಿದೆ: ಅಪ್ಪನ ಗುಣಗಳನ್ನು ಬರೆಯಬೇಡಿ, ಅಪ್ಪ ಮಾಡುತ್ತಿದ್ದ ಕೆಲಸಗಳನ್ನು ಬರೆಯಿರಿ.

ಪುಸ್ತಕವನ್ನು ಮುಂದುವರಿಸುವಂತೆ ತಾಯಿಗೆ ಸೂಚಿಸಿದ್ದು ಮಾತ್ರ ನನ್ನ ಅವಸರ. ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡು, "ಅವರ ಅಕ್ಷರದ ಕೆಳಗೆ ಬೇರೆಯವರ ಅಕ್ಷರ ಬೇಡ" ಎಂದರು. ನಾನು ತಪ್ಪೊಪ್ಪಿಕೊಂಡು ಆ ವಿಷಯವನ್ನು ಬಿಟ್ಟೆ. ಅಂಥ ನಿರ್ಧಾರಕ್ಕೆ ಬೇಕಾದ ಕಾಲವನ್ನು ಅವರೇ ತೆಗೆದುಕೊಳ್ಳಬೇಕಿತ್ತು.

ವರ್ಷಾಂತಿಕದಂದು ಮಗಳು ಒಂದೂವರೆ ಪುಟ ಓದಿದರಂತೆ. ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದ ಕೈಯಿಂದ ಆರಂಭಿಸಿ, ಗಂಜಿ, ಬಸರಿ ಮರ, "ಕೊಯ್ಲು ಮುಗಿಯಲಿ" ಎಂಬ ಮಾತು, ತಾನು ಮಾಡದ ಫೋನ್ ಎಲ್ಲವೂ ಅದರಲ್ಲಿದ್ದವು. ಕೊನೆಯದನ್ನು ಓದಬಾರದಿತ್ತು ಎಂದು ಒಬ್ಬ ಚಿಕ್ಕಪ್ಪ ಬೇಸರಪಟ್ಟರು. ಇನ್ನೊಬ್ಬರು ಮರುವಾರವೇ ಎದೆಯ ಪರೀಕ್ಷೆಗೆ ಹೋದರು.

ಮಾರ್ಚ್ ಕೊನೆಯಲ್ಲಿ ಮತ್ತೆ ಬಂದಾಗ ಆಕೆಗೆ ಐದಾರು ಗಂಟೆ ನಿದ್ದೆ ಬರುತ್ತಿತ್ತು. ಫೋನ್ ಗಂಟೆ ಬಾರಿಸಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ ಎಂದರು. ಅದಕ್ಕಾಗಿ ಇನ್ನೂ ಕೆಲವು ಭೇಟಿಗಳು ಬೇಕು. ಹೊರಡುವಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಹೂಮಳೆ ಬಿದ್ದ ಮರುದಿನ ಅವ್ವ ಕಳಿಸಿದ್ದು. ಹೊಸ ಪುಸ್ತಕದ ಮೊದಲ ಪುಟ, ಅಭ್ಯಾಸವಿಲ್ಲದ ದೊಡ್ಡ ಅಕ್ಷರಗಳು: '85 ಸೆಂಟ್. ಬಸರಿಗೆ ಇನ್ನೂ ಹಣ್ಣಾಗಿಲ್ಲ.'