ಬಣ್ಣದ ಚೌಕಟ್ಟು, ಹಲಸಿನ ಹಲಗೆ

ಪ್ರಶ್ನೆ: ತೋಟದಲ್ಲಿ ಬಿದ್ದ ಹಲಸಿನ ಮರವನ್ನು ಕೊಯ್ಯಿಸಿ ಅಡುಗೆಮನೆಯ ಕಪಾಟಿಗೆ ಎಂಟು ಬಾಗಿಲುಗಳನ್ನು ಮಾಡಿಸುತ್ತಿದ್ದೇವೆ. ಚೌಕಟ್ಟಿಗೆ ಕೆನೆಬಣ್ಣದ ಎನಾಮಲ್, ನಡುವಿನ ಹಲಗೆಗೆ ಮರದ ನಾರು ಕಾಣುವಂತೆ ಹಿಡಿಯುವ ಕಂದು ಸ್ಟೇನ್ ಎಂದು ನಿಶ್ಚಯಿಸಿದ್ದೇವೆ. ಕಳೆದ ಆಟಿಯಲ್ಲಿ (ಜುಲೈ–ಆಗಸ್ಟ್‌ನ ಮಳೆಯ ತಿಂಗಳಲ್ಲಿ) ಎರಡನ್ನು ಜೋಡಿಸಿ ಬಣ್ಣ ಕೊಟ್ಟಾಗ, ಟೇಪು ಅಂಟಿಸಿದ್ದರೂ ಸ್ಟೇನ್ ಕೆನೆಬಣ್ಣಕ್ಕೆ ಹಬ್ಬಿತು. ಮಾರ್ಚ್ ಹೊತ್ತಿಗೆ ಹಲಗೆಯ ಎರಡೂ ಬದಿಗಳಲ್ಲಿ ಸ್ಟೇನ್ ತಾಗದ ಹಳದಿ ಗೆರೆ ಕಾಣಿಸಿಕೊಂಡಿತು. ಉಳಿದ ಆರಕ್ಕೆ ಯಾವ ಕ್ರಮ ಸರಿ?
— ಓದುಗರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಆ ಹಳದಿ ಗೆರೆಗೆ ನಿಮ್ಮ ಆಚಾರಿಯನ್ನು ದೂರಬೇಡಿ. ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆಯಾಗುವುದು ತೀರಾ ಅಲ್ಪ, ಅಡ್ಡಕ್ಕೆ ಮಾತ್ರ ಮಳೆಗಾಲದ ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಒಂದಡಿ ಅಗಲದ ಹಲಗೆ ಒಂದೆರಡು ಮಿಲಿಮೀಟರ್ ಕುಗ್ಗಿದರೂ ಸಾಕು, ಚೌಕಟ್ಟಿನ ಗ್ರೂವಿನೊಳಗೆ, ಅಂದರೆ ಹಲಗೆ ಕೂರುವ ಸೀಳಿನೊಳಗೆ, ಅಡಗಿದ್ದ ಅಂಚು ಹೊರಗೆ ಇಣುಕುತ್ತದೆ. ಆದ್ದರಿಂದ ಉಳಿದ ಹಲಗೆಗಳನ್ನು ಚೌಕಟ್ಟಿಗೆ ಸೇರಿಸುವ ಮೊದಲೇ 150, ಬಳಿಕ 220 ನಂಬರಿನ ಮರಳು ಕಾಗದದಿಂದ ನಾರಿನ ದಿಕ್ಕಿನಲ್ಲಿ ಉಜ್ಜಿ, ಎರಡೂ ಮುಖಕ್ಕೂ ನಾಲ್ಕು ಅಂಚುಗಳಿಗೂ ಸ್ಟೇನ್ ಕೊಟ್ಟು, ಅದು ಪೂರ್ಣವಾಗಿ ಒಣಗಿದ ಮೇಲೆ ಕ್ಲಿಯರ್ ಪಾಲಿಶನ್ನೂ ಮುಗಿಸಿಡಿ. ಹಿಂಬದಿಯನ್ನು ಬರಿದಾಗಿ ಬಿಟ್ಟರೆ ಹಲಗೆ ಬಾಗುತ್ತದೆ. ಗ್ರೂವಿನೊಳಗೆ ಅಂಟು ಹಾಕದೆ, ಬದಿಗಳಲ್ಲಿ ತುಸು ಜಾಗ ಬಿಟ್ಟು, ಮೇಲೆ ಕೆಳಗೆ ನಟ್ಟನಡುವೆ ಮಾತ್ರ ಒಂದೊಂದು ಸಣ್ಣ ಮೊಳೆಯಿಂದ ನಿಲ್ಲಿಸಬೇಕು.

ಕೆನೆಬಣ್ಣದ ಸಂಗತಿ ಬೇರೆ. ಹಲಸಿನ ಮರದ ತಿರುಳನ್ನು ಕುದಿಸಿ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ತೆಗೆಯುತ್ತಿದ್ದುದು ಸುಳ್ಳಲ್ಲ. ಆ ಹಳದಿಯೇ ನೀರಿನ ಪ್ರೈಮರ್ ಬಳಿದ ಚೌಕಟ್ಟಿನಲ್ಲಿ ಮೇಲೆದ್ದು ಬರುತ್ತದೆ. ಅರಗಿನ ಪಾಲಿಶನ್ನು ಎರಡು ಸಲ ತೆಳುವಾಗಿ ಕೊಟ್ಟು, ಆಮೇಲೆ ಎಣ್ಣೆಯ ಪ್ರೈಮರ್ ಬಳಿಯಿರಿ. ಚೌಕಟ್ಟಿನ ಒಳಅಂಚಿಗೆ ಜೋಡಣೆಗೆ ಮುನ್ನವೇ ಎನಾಮಲ್ ಆಗಿದ್ದರೆ ಟೇಪಿನ ಕೆಲಸ ಬಹುಪಾಲು ತಪ್ಪುತ್ತದೆ.

ಜೋಡಿಸಿಯಾದ ಎರಡು ಬಾಗಿಲುಗಳನ್ನು ಕಳಚಬೇಕಾಗಿಲ್ಲ. ಹಲಗೆ ಅತ್ಯಂತ ಕುಗ್ಗಿರುವ ಮಾರ್ಚ್–ಏಪ್ರಿಲ್‌ನಲ್ಲಿ ಸಂದಿನಲ್ಲಿ ಕಟ್ಟಿಕೊಂಡ ಬಣ್ಣದ ಪೊರೆಯನ್ನು ತೆಳು ಬ್ಲೇಡಿನಿಂದ ಸೀಳಿ, ಹಳದಿ ಗೆರೆಯನ್ನು ಸಣ್ಣ ಕುಂಚದಿಂದ ಸ್ಟೇನ್ ಮಾಡಿ, ಒಣಗಿದ ಮೇಲೆ ಅಲ್ಲಿಗೂ ಪಾಲಿಶ್ ಕೊಡಿ. ಸಂದಿಗೆ ಪುಟ್ಟಿ ತುಂಬಲು ಯಾರಾದರೂ ಹೇಳಿದರೆ ಕೇಳಬೇಡಿ, ಮುಂದಿನ ಆಟಿಗೆ ಅದು ಉದುರುತ್ತದೆ. ಸ್ಟೇನ್ ಹಬ್ಬಿದ ಕಡೆ ಚೌಕಟ್ಟನ್ನು ಹಗುರವಾಗಿ ಉಜ್ಜಿ ಅರಗಿನಿಂದ ಮುಚ್ಚಿ, ಹಲಗೆಯ ಅಂಚಿಗೆ ಟೇಪು ಒತ್ತಿ, ಟೇಪಿನ ತುದಿಗೆ ಒಮ್ಮೆ ಕ್ಲಿಯರ್ ಎಳೆದು, ಅದು ಒಣಗಿದ ಮೇಲೆ ಚೌಕಟ್ಟಿಗೆ ಎನಾಮಲ್ ಬಳಿಯಿರಿ. ಟೇಪಿನಡಿಯ ಎಳೆ ಎಳೆ ಸಂದುಗಳೆಲ್ಲ ಆಗ ಕ್ಲಿಯರಿನಿಂದಲೇ ತುಂಬಿ, ಎನಾಮಲಿಗೆ ನುಸುಳಲು ದಾರಿ ಉಳಿಯುವುದಿಲ್ಲ. ಎನಾಮಲ್ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ.

ಉಳಿದ ಆರನ್ನು ನವರಾತ್ರಿ ಕಳೆದ ಮೇಲೆಯೇ ಕೈಗೆತ್ತಿಕೊಳ್ಳಿ. ಮಳೆಯ ತೇವದಲ್ಲಿ ಅರಗಿನ ಪಾಲಿಶ್ ಮಂಜು ಕವಿದಂತೆ ಬಿಳಿಚಿಕೊಳ್ಳುತ್ತದೆ.